ಸೂರ್ಯನನ್ನು ಅಣ್ಣನೆಂದು ಕರೆದ ಸಾಧು

ಒಂದು ಮನೆಯಲ್ಲಿ ಹುಟ್ಟಿದವರು ಒಬ್ಬರನ್ನೊಬ್ಬರು ಅಣ್ಣನೆಂದೂ ಅಕ್ಕನೆಂದೂ ಕರೆಯುವುದು ಲೋಕದ ವಾಡಿಕೆ. ನೆರೆಮನೆಯವರನ್ನೂ ಊರಿನ ಹಿರಿಯರನ್ನೂ ಹಾಗೆಯೇ ಕರೆದು ಬಾಂಧವ್ಯವನ್ನು ಬೆಳೆಸಿಕೊಳ್ಳುವುದು ನಮ್ಮ ದೇಶದ ಒಳ್ಳೆಯ ಸಂಪ್ರದಾಯಗಳಲ್ಲೊಂದು. ಆದರೆ ಸೂರ್ಯನನ್ನು ಅಣ್ಣನೆಂದೂ, ಚಂದ್ರನನ್ನು ಅಕ್ಕನೆಂದೂ, ಬೆಂಕಿಯನ್ನು ತಮ್ಮನೆಂದೂ, ನೀರನ್ನು ತಂಗಿಯೆಂದೂ, ಕಡೆಗೆ ಮೃತ್ಯುವನ್ನು ಸಹ ಸೋದರಿಯೆಂದೂ ಕರೆದು ಹಾಡಿದವನೊಬ್ಬನು ಇದ್ದನು. ಆತನು ಪುರಾಣಕಾಲದ ಋಷಿಯಲ್ಲ. ಎಂಟುನೂರು ವರ್ಷಗಳ ಹಿಂದೆ ಇಟಲಿ ದೇಶದಲ್ಲಿ ಬಾಳಿದ ಒಬ್ಬ ಅರಿವೆ ವ್ಯಾಪಾರಿಯ ಮಗನು. ಅಸ್ಸೀಸಿಯ ಸಂತ ಫ್ರಾನ್ಸಿಸ್ ಎಂಬುದು ಆತನ ಲೋಕಪ್ರಸಿದ್ಧವಾದ ಹೆಸರು.

ಆತನ ಚಿತ್ರವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಮಾಸಲು ಬಣ್ಣದ ನಿಲುವಂಗಿ, ನಡುವಿಗೆ ಹಗ್ಗ, ಹೆಗಲ ಮೇಲೆ ಹಕ್ಕಿ, ಕಾಲ ಬಳಿಯಲ್ಲಿ ತೋಳ. ಚಿತ್ರವು ಮನೋಹರವಾದುದೇ ಸರಿ. ಆದರೆ ಇದನ್ನಷ್ಟೆ ನೋಡಿದವರು, ಈತನು ಪ್ರಾಣಿಗಳಲ್ಲಿ ಮಮತೆಯಿದ್ದ ಒಬ್ಬ ಸೌಮ್ಯನಾದ ಸಾಧುವೆಂದು ತಿಳಿದು ಸುಮ್ಮನಾಗುವರು. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ಆತನ ಚರಿತ್ರೆಯನ್ನು ಸಾವಧಾನವಾಗಿ ಓದಿದ ಮೇಲೆ ನಮ್ಮ ಎಣಿಕೆ ತಪ್ಪೆಂದು ತೋರಿತು. ಸೃಷ್ಟಿಯೆಲ್ಲವೂ ಪವಿತ್ರವೆಂದು ಬಾಯಲ್ಲಿ ಹೇಳುವುದು ಸುಲಭ; ಹಾಗೆ ಕಾಣುವುದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಈತನ ಬಾಳು ತಿಳಿಸುತ್ತದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಫ್ರಾನ್ಸಿಸನು ಹುಟ್ಟಿದುದು ೧೧೮೧ ಅಥವಾ ೧೧೮೨ರಲ್ಲಿ, ಉಂಬ್ರಿಯಾ ಸೀಮೆಯ ಅಸ್ಸೀಸಿ ಎಂಬ ಬೆಟ್ಟದೂರಿನಲ್ಲಿ. ತಂದೆ ಪಿಯೆತ್ರೊ ದಿ ಬೆರ್ನಾರ್ದೋನೆ ಐಶ್ವರ್ಯವಂತನಾದ ಅರಿವೆ ವ್ಯಾಪಾರಿ. ಮಗನು ಒಳ್ಳೆಯ ಉಡುಪು, ಹಾಡು, ಗೆಳೆಯರ ಕೂಟ, ಔತಣ ಇವುಗಳಲ್ಲಿ ಆಸಕ್ತನಾಗಿ, ಕೈಬಿಚ್ಚಿ ಹಣವನ್ನು ಖರ್ಚುಮಾಡುತ್ತ ಬೆಳೆದನು. ವೀರನೆಂದು ಹೆಸರು ಪಡೆಯಬೇಕೆಂಬುದು ಆತನ ಹಂಬಲವಾಗಿದ್ದಿತು. ೧೨೦೨ರಲ್ಲಿ ಅಸ್ಸೀಸಿಗೂ ನೆರೆಯ ಪೆರೂಜಿಯಾ ನಗರಕ್ಕೂ ಯುದ್ಧವಾದಾಗ ಆತನೂ ಹೋಗಿ ಸೆರೆಸಿಕ್ಕಿ, ಸುಮಾರು ಒಂದು ವರ್ಷ ಬಂದೀಖಾನೆಯಲ್ಲಿ ಕಳೆದನು. ಬಿಡುಗಡೆಯಾದ ಮೇಲೆ ದೀರ್ಘವಾದ ಕಾಯಿಲೆ ಹಿಡಿಯಿತು. ಎದ್ದು ಹೊರಗೆ ಬಂದು ಹೊಲಗದ್ದೆಗಳನ್ನು ನೋಡಿದರೆ, ಹಿಂದೆ ಸಂತೋಷ ಕೊಡುತ್ತಿದ್ದ ಆ ನೋಟವೂ ಆತನಿಗೆ ಸಪ್ಪೆಯಾಗಿ ಕಂಡಿತಂತೆ. ಮುಂದೆ ಸೃಷ್ಟಿಯ ಸೌಂದರ್ಯವನ್ನು ಹಾಡಲಿದ್ದವನಿಗೆ ಆ ಸೌಂದರ್ಯವು ಮೊದಲು ಬರಿದಾಯಿತೆಂಬುದು ಗಮನಿಸತಕ್ಕ ವಿಷಯ.

ಆತನ ಕಣ್ಣು ತೆರೆದುದು ಹಕ್ಕಿಯನ್ನು ನೋಡಿಯೂ ಅಲ್ಲ, ಹೂವನ್ನು ನೋಡಿಯೂ ಅಲ್ಲ. ಆ ಕಾಲದ ಯೂರೋಪಿನಲ್ಲಿ ಕುಷ್ಠರೋಗಿಗಳು ಊರ ಹೊರಗೆ ಬೇರೆ ವಾಸಮಾಡಬೇಕಾಗಿದ್ದಿತು. ಅವರನ್ನು ಕಂಡರೆ ಫ್ರಾನ್ಸಿಸನಿಗೆ ತಡೆಯಲಾರದ ಹೇಸಿಗೆ. ದೂರದಿಂದ ಅವರ ಗುಡಿಸಲುಗಳನ್ನು ಕಂಡರೂ ಮೂಗು ಮುಚ್ಚಿಕೊಳ್ಳುತ್ತಿದ್ದನು. ಒಂದು ದಿನ ಕುದುರೆಯ ಮೇಲೆ ಹೋಗುತ್ತಿರುವಾಗ ದಾರಿಯಲ್ಲಿ ಒಬ್ಬ ಕುಷ್ಠರೋಗಿ ಎದುರಾದನು. ಫ್ರಾನ್ಸಿಸನು ತನ್ನನ್ನು ತಾನು ಗೆದ್ದು, ಕುದುರೆಯಿಂದಿಳಿದು, ಅವನ ಕೈಗೆ ನಾಣ್ಯವನ್ನಿತ್ತು, ಆ ಕೈಯನ್ನು ಮುದ್ದಿಟ್ಟನು. ಕೆಲವು ದಿನಗಳಾದ ಮೇಲೆ ತಾನಾಗಿಯೇ ಅವರ ಬೀಡಿಗೆ ಹೋಗಿ ಅವರ ಸೇವೆಗೆ ನಿಂತನು. ಸಾಯುವುದಕ್ಕೆ ಸ್ವಲ್ಪ ಮುಂಚೆ, ೧೨೨೬ರಲ್ಲಿ, ಆತನು ಬರೆಯಿಸಿದ ಮರಣಶಾಸನವೊಂದು ಉಳಿದು ಬಂದಿದೆ. ಅದರಲ್ಲಿ ತನ್ನ ಹೊಸ ಜೀವನದ ಕಥೆಯನ್ನು ಆತನು ಆರಂಭಿಸುವುದು ಈ ಕುಷ್ಠರೋಗಿಗಳಿಂದಲೇ. ತನಗೆ ಕಹಿಯಾಗಿದ್ದುದು ಅವರ ನಡುವೆ ಹೋದ ಮೇಲೆ ಸಿಹಿಯಾಯಿತೆಂಬುದು ಅಲ್ಲಿನ ಭಾವ.

ಅನಂತರದ ಘಟನೆಗಳು ಬೇಗಬೇಗನೆ ನಡೆದುವು. ಊರ ಹೊರಗಿನ ಸಾನ್ ದಾಮಿಯಾನೊ ಎಂಬ ಪಾಳುಬಿದ್ದ ದೇವಾಲಯದಲ್ಲಿ ಪ್ರಾರ್ಥಿಸುತ್ತಿರುವಾಗ, ಬಿದ್ದುಹೋಗುತ್ತಿರುವ ಮನೆಯನ್ನು ಸರಿಪಡಿಸೆಂದು ಶಿಲುಬೆಯ ಮೂರ್ತಿಯೇ ತನಗೆ ಹೇಳಿದಂತಾಯಿತು. ಆತನು ತಂದೆಯ ಅಂಗಡಿಯ ಬಟ್ಟೆಯನ್ನು ಮಾರಿ ಆ ಹಣವನ್ನು ದೇವಾಲಯಕ್ಕೆ ಕೊಡಹೋದನು. ತಂದೆಯು ಕೋಪಗೊಂಡು ಬಿಷಪ್ಪನ ಬಳಿಗೆ ದೂರನ್ನು ಒಯ್ದನು. ನೆರೆದ ಜನರೆದುರಿಗೆ ಮಗನು ಹಣವನ್ನು ಮಾತ್ರವಲ್ಲದೆ ಮೈಮೇಲಿನ ಬಟ್ಟೆಗಳನ್ನೂ ತೆಗೆದು ತಂದೆಯ ಮುಂದಿಟ್ಟು, ಇನ್ನು ಮೇಲೆ ತನಗೆ ಸ್ವರ್ಗದಲ್ಲಿರುವ ತಂದೆಯೊಬ್ಬನೇ ತಂದೆಯೆಂದು ಬರಿಮೈಯಲ್ಲಿ ನಿಂತನು. ಇದು ೧೨೦೬ರ ಸಂಗತಿ. ಗೃಹಸ್ಥರಾದ ನಮಗೆ ಆ ತಂದೆಯ ವಿಷಯದಲ್ಲಿ ಮರುಕ ಹುಟ್ಟದಿರಲಾರದು. ಮಕ್ಕಳನ್ನು ಸಾಕಿದವರು ಬಲ್ಲರು ಆ ನೋವನ್ನು. ಸಂತರ ಚರಿತ್ರೆಯಲ್ಲಿ ಬೆಲೆ ತೆತ್ತವರು ಸಂತರು ಮಾತ್ರವೇ ಅಲ್ಲವೆಂಬುದನ್ನೂ ಮರೆಯಲಾಗದು.

ಕೆಲವೇ ಮಂದಿ ಗೆಳೆಯರು ಆತನನ್ನು ಕೂಡಿಕೊಂಡರು. ೧೨೦೯ರಲ್ಲಿ ರೋಮಿಗೆ ಹೋಗಿ ಪೋಪ್ ಮೂರನೆಯ ಇನ್ನೊಸೆಂಟನಿಂದ ತಮ್ಮ ನಿಯಮಕ್ಕೆ ಬಾಯಿಮಾತಿನ ಅನುಮತಿಯನ್ನು ಪಡೆದರು. ತಮ್ಮನ್ನು ‘ಕಿರಿಯ ಸೋದರರು’ ಎಂದು ಕರೆದುಕೊಂಡರು. ಸ್ವಂತವಾಗಿ ಏನನ್ನೂ ಇಟ್ಟುಕೊಳ್ಳಬಾರದು, ಹಣವನ್ನು ಮುಟ್ಟಬಾರದು, ಕೈಯಿಂದ ದುಡಿಯಬೇಕು, ಸಾಲದಿದ್ದರೆ ಭಿಕ್ಷೆ ಬೇಡಬೇಕು ಎಂಬುದು ಅವರ ಕಟ್ಟಳೆ. ಇಷ್ಟು ಕಠಿನವಾದ ಬಡತನವೇಕೆಂದು ಬಿಷಪ್ಪನು ಕೇಳಿದಾಗ, ಸೊತ್ತಿದ್ದರೆ ಅದನ್ನು ಕಾಯಲು ಆಯುಧವೂ ಬೇಕಾಗುತ್ತದೆ, ಅದರಿಂದ ವ್ಯಾಜ್ಯವೂ ಕಲಹವೂ ಹುಟ್ಟಿ ದೇವರ ಮೇಲಣ ಪ್ರೀತಿಗೂ ನೆರೆಯವರ ಮೇಲಣ ಪ್ರೀತಿಗೂ ಅಡ್ಡಿಯಾಗುತ್ತದೆ ಎಂಬ ಅಭಿಪ್ರಾಯದ ಉತ್ತರವನ್ನು ಫ್ರಾನ್ಸಿಸನು ಕೊಟ್ಟನೆಂದು ಆತನ ಸಂಗಡಿಗರ ಹೆಸರಿನ ಚರಿತ್ರೆಯೊಂದು ಹೇಳುತ್ತದೆ. ಆತನ ಸೃಷ್ಟಿಪ್ರೇಮದ ಮೂಲವು ಈ ಉತ್ತರದಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಇದು ನನ್ನದು ಎಂದ ಕೂಡಲೆ ಮರವು ನಾಟಾ ಆಗುತ್ತದೆ, ಹಸುವು ಹಾಲಿನ ಲೆಕ್ಕವಾಗುತ್ತದೆ, ಹೊಳೆಯು ಪಾಲುಪಟ್ಟಿಯಾಗುತ್ತದೆ. ಯಾವುದೂ ತನ್ನದಲ್ಲವೆಂದು ಕೈಬಿಟ್ಟವನಿಗೆ ಮಾತ್ರ ಎಲ್ಲವೂ ಒಡಹುಟ್ಟಿದುವಾಗಿ ಕಾಣಬಲ್ಲುವು.

ಇನ್ನು ಆತನ ನಡತೆಯನ್ನು ನೋಡೋಣ. ತೋಳವನ್ನು ಪಳಗಿಸಿದ ಗುಬ್ಬಿಯೊ ಊರಿನ ಕಥೆಯು ಬಹಳ ಪ್ರಸಿದ್ಧವಾದರೂ, ಅದು ಪ್ರಚಾರಕ್ಕೆ ಬಂದುದು ಹದಿನಾಲ್ಕನೆಯ ಶತಮಾನದ ಕಥಾಸಂಗ್ರಹವೊಂದರಿಂದ. ಅದನ್ನು ಕಥೆಯೆಂದೇ ಸವಿಯಬಹುದು. ಆತನು ತೀರಿಕೊಂಡ ಎರಡು ಮೂರು ವರ್ಷಗಳಲ್ಲಿಯೇ ಚೆಲಾನೊ ಊರಿನ ತೋಮಸನು ಬರೆದ ಚರಿತ್ರೆಯೂ, ಅವನೇ ಮುಂದೆ ಬರೆದ ಎರಡನೆಯ ಚರಿತ್ರೆಯೂ ಇವೆ. ಇವುಗಳಲ್ಲಿ ಬರುವ ಸಣ್ಣಸಣ್ಣ ಸಂಗತಿಗಳು ನಮ್ಮ ಮನಸ್ಸಿಗೆ ತೋಳದ ಕಥೆಗಿಂತ ಹೆಚ್ಚಾಗಿ ಹಿಡಿಸುತ್ತವೆ. ದಾರಿಯಲ್ಲಿ ಹುಳು ಕಂಡರೆ ಯಾರ ಕಾಲಿಗೂ ಸಿಕ್ಕದಂತೆ ಆತನು ಅದನ್ನೆತ್ತಿ ಪಕ್ಕಕ್ಕೆ ಬಿಡುತ್ತಿದ್ದನು. ಚಳಿಗಾಲದಲ್ಲಿ ಜೇನುನೊಣಗಳು ಸಾಯಬಾರದೆಂದು ಜೇನುತುಪ್ಪವನ್ನೂ ದ್ರಾಕ್ಷಾರಸವನ್ನೂ ಅವುಗಳಿಗೆ ಇಡಿಸುತ್ತಿದ್ದನು. ಸಂತೆಗೆ ಕೊಲ್ಲಲು ಒಯ್ಯುತ್ತಿದ್ದ ಕುರಿಮರಿಗಳನ್ನು ತನ್ನ ಮೇಲಂಗಿಯನ್ನು ಕೊಟ್ಟು ಬಿಡಿಸಿಕೊಂಡನು. ಸೌದೆ ಕಡಿಯುವ ಸೋದರರಿಗೆ, ಮತ್ತೆ ಚಿಗುರುವ ಆಸೆ ಉಳಿಯುವಂತೆ ಮರವನ್ನು ಬುಡಸಹಿತ ಕಡಿಯಬೇಡಿರೆಂದು ಹೇಳುತ್ತಿದ್ದನು. ತೋಟಗಾರನಿಗೆ, ಎಲ್ಲ ನೆಲವನ್ನೂ ಅಗೆದು ಕಾಯಿಪಲ್ಯಕ್ಕೇ ಹಾಕದೆ ಅಂಚಿನಲ್ಲಿ ಹಸುರೂ ಹೂವೂ ತಮ್ಮಷ್ಟಕ್ಕೆ ಬೆಳೆಯಲು ಸ್ಥಳ ಬಿಡಬೇಕೆಂದು ಅಪ್ಪಣೆ ಮಾಡಿದ್ದನು. ಬಂಡೆಯ ಮೇಲೆ ನಡೆಯಬೇಕಾದರೂ ಭಯಭಕ್ತಿಯಿಂದ ಹೆಜ್ಜೆಯಿಡುತ್ತಿದ್ದನು.

ನಮ್ಮಂತಹ ಉಪಾಧ್ಯಾಯರಿಗೆ ಬಹು ಪ್ರಿಯವಾಗತಕ್ಕ ಸಂಗತಿಯೊಂದುಂಟು. ದಾರಿಯಲ್ಲಿ ಬರೆದ ಕಾಗದದ ಚೂರು ಬಿದ್ದಿದ್ದರೆ ಫ್ರಾನ್ಸಿಸನು ಅದನ್ನು ಆದರದಿಂದ ಎತ್ತಿ ಶುದ್ಧವಾದ ಸ್ಥಳದಲ್ಲಿಡುತ್ತಿದ್ದನು. ಅನ್ಯಮತದವರ ಬರಹವನ್ನೂ ಹೀಗೆ ಏಕೆ ಎತ್ತುವೆಯೆಂದು ಒಬ್ಬ ಸೋದರನು ಕೇಳಿದನು. ದೇವರ ನಾಮವು ಯಾವ ಅಕ್ಷರಗಳಿಂದ ಆಗಿದೆಯೋ ಅವೇ ಅಕ್ಷರಗಳು ಅದರಲ್ಲಿಯೂ ಇವೆ, ಮತ್ತು ಅಲ್ಲಿರುವ ಒಳ್ಳೆಯದೆಲ್ಲವೂ ದೇವರದೇ ಎಂದು ಆತನು ಸಮಾಧಾನ ಹೇಳಿದನು. ಪುಸ್ತಕಕ್ಕೆ ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಬೆಳೆದ ನಮಗೆ ಈ ಮಾತು ಹೊಸದಲ್ಲ.

ಹಾಗಾದರೆ ಫ್ರಾನ್ಸಿಸನು ಸೃಷ್ಟಿಯನ್ನೇ ದೇವರೆಂದು ತಿಳಿದಿದ್ದನೋ? ವೇದಾಂತವನ್ನು ಕೇಳಿದವರಿಗೆ ಈ ಪ್ರಶ್ನೆ ಹುಟ್ಟುವುದು ಸಹಜ. ಇಲ್ಲವೆಂದೇ ಹೇಳಬೇಕು. ಕ್ರೈಸ್ತ ಮತದಲ್ಲಿ ಸೃಷ್ಟಿಯು ದೇವರಲ್ಲ, ದೇವರ ಕೈಕೆಲಸ. ಕುಂಬಾರನೂ ಕುಡಿಕೆಯೂ ಒಂದಾಗವು. ಆದರೆ ಕುಂಬಾರನ ಬೆರಳಿನ ಗುರುತು ಕುಡಿಕೆಯ ಮೇಲೆ ಉಳಿದಿರುತ್ತದೆ. ಸೂರ್ಯನೂ ಹುಳುವೂ ತಾನೂ ಒಬ್ಬನೇ ತಂದೆಯ ಕೈಯಿಂದ ಬಂದವರಾದುದರಿಂದ ಸೋದರರು ಎಂಬುದು ಫ್ರಾನ್ಸಿಸನ ನಿಶ್ಚಯ. ನಮ್ಮ ಉಪನಿಷತ್ತುಗಳು ಏಕತ್ವದಿಂದ ಹೊರಟು ಸರ್ವಭೂತದಯೆಗೆ ಬಂದರೆ, ಈತನು ಬಾಂಧವ್ಯದಿಂದ ಹೊರಟು ಅಲ್ಲಿಗೆ ಬರುತ್ತಾನೆ. ದಾರಿಗಳು ಬೇರೆಯೆಂಬುದನ್ನು ಒಪ್ಪಿಕೊಂಡೇ ಎರಡನ್ನೂ ಗೌರವಿಸುವುದು ಪ್ರಾಮಾಣಿಕವಾದ ಮಾರ್ಗವು. ಕ್ರೈಸ್ತರಲ್ಲಿ ಈ ದೃಷ್ಟಿಯುಳ್ಳವನು ಫ್ರಾನ್ಸಿಸನೊಬ್ಬನೇ ಅಲ್ಲ. ಏಳನೆಯ ಶತಮಾನದಲ್ಲಿ ಸಿರಿಯಾಕ್ ಭಾಷೆಯಲ್ಲಿ ಬರೆದ ನಿನೆವೆಯ ಈಸಾಕನೆಂಬ ತಪಸ್ವಿಯು, ಕರುಣೆಯುಳ್ಳ ಹೃದಯವೆಂದರೇನೆಂದು ವಿಚಾರಮಾಡುತ್ತ, ಮನುಷ್ಯರು, ಪಕ್ಷಿಗಳು, ಮೃಗಗಳು, ಹರಿದಾಡುವ ಜಂತುಗಳು, ಪಿಶಾಚಗಳು ಎಲ್ಲಕ್ಕಾಗಿಯೂ ಉರಿಯುವ ಹೃದಯವೆಂದು ಅದನ್ನು ವರ್ಣಿಸಿದ್ದಾನೆ.

ಫ್ರಾನ್ಸಿಸನ ಪ್ರಸಿದ್ಧವಾದ ಹಾಡು ಹುಟ್ಟಿದ ಸಂದರ್ಭವನ್ನು ಈಗ ಹೇಳಬೇಕು. ೧೨೧೯ರಲ್ಲಿ ಆತನು ಈಜಿಪ್ಟಿಗೆ ಹೋಗಿ, ಧರ್ಮಯುದ್ಧದ ನಡುವೆ ಆಯುಧವಿಲ್ಲದೆ ಸುಲ್ತಾನ ಅಲ್ ಕಾಮಿಲನನ್ನು ಕಂಡು ಬಂದನು. ಆ ಪ್ರವಾಸದಿಂದ ಬಂದ ಮೇಲೆ ಕಣ್ಣಿನ ರೋಗವು ಬೆಳೆಯುತ್ತ ಹೋಯಿತು. ೧೨೨೫ರಲ್ಲಿ ಸಾನ್ ದಾಮಿಯಾನೊದ ಬಳಿ ಆತನು ಮಲಗಿದ್ದಾಗ ಹಗಲಿನ ಬೆಳಕನ್ನಾಗಲಿ ರಾತ್ರಿಯ ದೀಪವನ್ನಾಗಲಿ ಕಣ್ಣು ತಾಳುತ್ತಿರಲಿಲ್ಲ. ಐವತ್ತು ದಿನಗಳಿಗೂ ಮೇಲ್ಪಟ್ಟು ಕತ್ತಲೆಯಲ್ಲಿದ್ದನೆಂದು ಸಂಗಡಿಗರ ನೆನಪುಗಳಲ್ಲಿದೆ. ನೋವಿನಿಂದ ನಿದ್ದೆಯಿಲ್ಲ, ಗುಡಿಸಲಿನಲ್ಲಿ ಇಲಿಗಳ ಕಾಟ ಬೇರೆ. ಇಂತಹ ರಾತ್ರಿಯೊಂದು ಕಳೆದ ಬೆಳಗ್ಗೆ ಆತನು ಸೂರ್ಯನನ್ನು ಅಣ್ಣನೆಂದು ಹಾಡಿದನು. ನೋಡಲಾರದ ಸೂರ್ಯನನ್ನು!

ಆ ಹಾಡು ಲ್ಯಾಟಿನ್ ಭಾಷೆಯಲ್ಲಿಲ್ಲ. ಅಸ್ಸೀಸಿಯ ಜನರಾಡುವ ಮಾತಿನಲ್ಲಿದೆ. ಇಟಾಲಿಯನ್ ಸಾಹಿತ್ಯದ ಅತ್ಯಂತ ಪ್ರಾಚೀನವಾದ ಕವಿತೆಗಳಲ್ಲಿ ಅದೊಂದು. ಸೂರ್ಯ, ವಾಯು, ಅಗ್ನಿ ಇವರು ಅದರಲ್ಲಿ ಸೋದರರು. ಚಂದ್ರನೂ ನಕ್ಷತ್ರಗಳೂ ನೀರೂ ಸೋದರಿಯರು. ಭೂಮಿಯು ಸೋದರಿಯೂ ಹೌದು, ತಾಯಿಯೂ ಹೌದು. ನಮಗೆ ಚಂದ್ರನು ಪುಲ್ಲಿಂಗ, ಆ ಭಾಷೆಯಲ್ಲಿ ಸ್ತ್ರೀಲಿಂಗವಾದುದರಿಂದ ಅಕ್ಕನಾದನು. ವ್ಯಾಕರಣದ ಇನ್ನೊಂದು ಸ್ವಾರಸ್ಯವೂ ಇಲ್ಲಿದೆ. ಸೃಷ್ಟಿಯ ವಸ್ತುಗಳ ಹೆಸರಿನ ಮುಂದೆ ಕವಿಯು ‘ಪೆರ್’ ಎಂಬ ಚಿಕ್ಕ ಮಾತನ್ನು ಬಳಸಿದ್ದಾನೆ. ಚಂದ್ರನಿಗಾಗಿ ದೇವರಿಗೆ ಸ್ತುತಿಯೋ, ಚಂದ್ರನ ಮೂಲಕ ಸ್ತುತಿಯೋ, ಚಂದ್ರನೇ ಮಾಡುವ ಸ್ತುತಿಯೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುವರು. ಸಂಸ್ಕೃತವನ್ನು ಬಲ್ಲವರು ಇದಕ್ಕೆ ನಗಬಹುದು. ನಮ್ಮ ತೃತೀಯಾ ವಿಭಕ್ತಿಯೊಂದೇ ಹೇತುವನ್ನೂ ಕರಣವನ್ನೂ ಕರ್ತೃವನ್ನೂ ಹೇಳಬಲ್ಲುದಷ್ಟೆ? ‘ಚಂದ್ರೇಣ’ ಎಂದುಬಿಟ್ಟರೆ ಮೂರು ಅರ್ಥಗಳೂ ಒಂದೇ ಪದದಲ್ಲಿ ಕುಳಿತುಕೊಳ್ಳುತ್ತವೆ. ಫ್ರಾನ್ಸಿಸನ ಮನಸ್ಸಿನಲ್ಲಿಯೂ ಅವು ಮೂರೂ ಬೇರೆಯಾಗಿರಲಿಲ್ಲವೆಂದು ನಮ್ಮ ಊಹೆ.

ವಿಚಿತ್ರವೆಂದರೆ ಈ ಹಾಡಿನಲ್ಲಿ ಹಕ್ಕಿಯೂ ಇಲ್ಲ, ತೋಳವೂ ಇಲ್ಲ. ಮನುಷ್ಯನಾದರೋ ಮೊದಲು ಇರಲಿಲ್ಲ. ಆ ಕಾಲದಲ್ಲಿ ಅಸ್ಸೀಸಿಯ ಬಿಷಪ್ಪನಿಗೂ ನಗರಾಧಿಕಾರಿಗೂ ಜಗಳ ಹತ್ತಿದ್ದಿತು. ಒಬ್ಬನು ಬಹಿಷ್ಕಾರ ಹಾಕಿದನು. ಇನ್ನೊಬ್ಬನು ಬಿಷಪ್ಪನೊಡನೆ ಯಾರೂ ಕೊಡುಕೊಳ್ಳುವ ವ್ಯವಹಾರ ಮಾಡಕೂಡದೆಂದು ಡಂಗುರ ಹೊಡೆಯಿಸಿದನು. ರೋಗಿಯಾದ ಫ್ರಾನ್ಸಿಸನು ತನ್ನ ಹಾಡಿಗೆ ಹೊಸ ನುಡಿಯೊಂದನ್ನು ಸೇರಿಸಿ, ಇಬ್ಬರು ಸೋದರರನ್ನು ಕಳುಹಿಸಿ, ಅವರಿಬ್ಬರ ಮುಂದೆ ಹಾಡಿಸಿದನು. ಪ್ರೀತಿಗಾಗಿ ಕ್ಷಮಿಸುವವರನ್ನೂ, ರೋಗವನ್ನೂ ಸಂಕಟವನ್ನೂ ಶಾಂತಿಯಿಂದ ಸಹಿಸುವವರನ್ನೂ ಆ ನುಡಿಯು ಕೊಂಡಾಡುತ್ತದೆ. ಕೇಳಿದ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರಂತೆ. ಸೂರ್ಯ ಚಂದ್ರರು ಹುಟ್ಟಿದಂತೆಯೇ ಆ ಹಾಡಿಗೆ ಸೇರುವರು. ಮನುಷ್ಯನು ಕ್ಷಮಿಸಿದ ಮೇಲೆ ಮಾತ್ರ ಸೇರುವನು. ಈ ಕವಿತೆಯ ಸಾರವೆಲ್ಲವೂ ಇದರಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಕಣ್ಣಿನ ಚಿಕಿತ್ಸೆಗಾಗಿ ಆತನನ್ನು ರಿಯೇತಿ ಊರಿನ ಬಳಿಯ ಫೋಂತೆ ಕೊಲೊಂಬೊ ಎಂಬಲ್ಲಿಗೆ ಕರೆದೊಯ್ದರು. ಕಬ್ಬಿಣವನ್ನು ಕೆಂಪಗೆ ಕಾಯಿಸಿ ದವಡೆಯಿಂದ ಹುಬ್ಬಿನವರೆಗೆ ಬರೆ ಹಾಕುವುದು ಆ ಕಾಲದ ವೈದ್ಯ. ಕುಲುಮೆಯಲ್ಲಿ ಕಬ್ಬಿಣ ಕಾಯುತ್ತಿರುವಾಗ ಫ್ರಾನ್ಸಿಸನು ಬೆಂಕಿಯನ್ನು ಸೋದರನೆಂದು ಕರೆದು, ತಾನು ಯಾವಾಗಲೂ ನಿನ್ನನ್ನು ಪ್ರೀತಿಸಿದವನು, ಈಗ ನನ್ನಲ್ಲಿ ದಯೆಯಿಡು ಎಂಬ ಭಾವದಿಂದ ಬೇಡಿಕೊಂಡನು. ನೋಡಲಾರದೆ ಸಂಗಡಿಗರು ಹೊರಗೆ ಓಡಿಹೋದರು. ಹಿಂದಿರುಗಿ ಬಂದವರೊಡನೆ, ತನಗೆ ನೋವೇ ಆಗಲಿಲ್ಲವೆಂದು ಆತನು ಹೇಳಿದನಂತೆ. ಚಿಕಿತ್ಸೆಯಿಂದ ಪ್ರಯೋಜನವೇನೂ ಆಗಲಿಲ್ಲ. ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಬೆಂಕಿಗೂ ಹುಳುವಿಗೂ ಅಷ್ಟು ದಯೆ ತೋರಿದವನು ತನ್ನ ಶರೀರಕ್ಕೆ ಮಾತ್ರ ಉಪವಾಸ ಜಾಗರಣೆಗಳಿಂದ ಬಹಳ ಕ್ರೂರನಾಗಿದ್ದನು. ಅಂತ್ಯಕಾಲದಲ್ಲಿ ಅದನ್ನು ತಾನೇ ಕಂಡುಕೊಂಡು, ‘ಸೋದರ ಶರೀರ’ಕ್ಕೆ ತಾನು ಅಪರಾಧ ಮಾಡಿದೆನೆಂದು ಒಪ್ಪಿಕೊಂಡನು. ತನ್ನ ತಪ್ಪನ್ನು ತಿದ್ದಿಕೊಳ್ಳಬಲ್ಲ ಸಂತನೇ ನಮ್ಮಂತಹವರಿಗೆ ಹತ್ತಿರದವನು.

ಸಾವು ಸಮೀಪಿಸಿತೆಂದು ತಿಳಿದಾಗ ಹಾಡಿಗೆ ಕಡೆಯ ನುಡಿಯನ್ನು ಸೇರಿಸಿ ಮೃತ್ಯುವನ್ನೂ ಸೋದರಿಯರಲ್ಲಿ ಎಣಿಸಿದನು. ತನ್ನನ್ನು ಬರಿ ನೆಲದ ಮೇಲೆ ಮಲಗಿಸಿರೆಂದು ಕೇಳಿಕೊಂಡನು. ೧೨೨೬ನೆಯ ಅಕ್ಟೋಬರ್ ೩ರ ಸಂಜೆ ಪ್ರಾಣ ಹೋಯಿತು. ಆಗ ಬಾನಾಡಿ ಹಕ್ಕಿಗಳು ಗುಡಿಸಲ ಮೇಲೆ ಸುತ್ತುತ್ತ ಹಾಡಿದುವೆಂದು ಚರಿತ್ರಕಾರರು ಬರೆದಿದ್ದಾರೆ. ಎರಡು ವರ್ಷ ತುಂಬುವುದರೊಳಗಾಗಿ, ೧೨೨೮ರ ಜುಲೈ ೧೬ರಂದು, ಪೋಪ್ ಒಂಬತ್ತನೆಯ ಗ್ರೆಗರಿಯು ಆತನನ್ನು ಸಂತನೆಂದು ಘೋಷಿಸಿದನು.

ಇಷ್ಟನ್ನು ಬರೆದ ಮೇಲೆ ನಮ್ಮದೊಂದು ಸಂಗತಿಯನ್ನು ಹೇಳದಿದ್ದರೆ ಲೇಖನವು ಸುಳ್ಳಾಗುತ್ತದೆ. ಸುಮಾರು ಮೂವತ್ತೈದು ವರ್ಷಗಳ ಹಿಂದೆ, ನಾವು ಹಳ್ಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದಾಗ, ನಮ್ಮ ತರಗತಿಯಲ್ಲಿ ಒಬ್ಬ ಚುರುಕಾದ ಹುಡುಗನಿದ್ದನು. ಶಬ್ದರೂಪಗಳನ್ನು ಗಂಟೆ ಹೊಡೆದಂತೆ ಒಪ್ಪಿಸುತ್ತಿದ್ದನು. ಅವನ ತಂದೆಗೆ ಕುಷ್ಠರೋಗದಿಂದ ಬೆರಳುಗಳು ಮೊಂಡಾಗಿದ್ದುವು. ಒಂದು ದಿನ ಆತನು ಮಗನ ವರ್ಗಾವಣೆ ಪತ್ರಕ್ಕಾಗಿ ಅರ್ಜಿಯನ್ನು ಹಿಡಿದು ಬಂದನು. ನಾವು ಜಗಲಿಯಿಂದ ಇಳಿಯಲಿಲ್ಲ. ಕಾಗದವನ್ನು ಆ ಕಟ್ಟೆಯ ಮೇಲಿಟ್ಟು ಹೋಗೆಂದೆವು. ಆತನು ಅದನ್ನಿಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲನ್ನು ಹೇರಿ, ಆ ಮೊಂಡುಗೈಗಳನ್ನು ಜೋಡಿಸಿ ನಮಸ್ಕಾರಮಾಡಿ ಹೊರಟುಹೋದನು. ಹುಡುಗನು ಕಂಬದ ಬಳಿ ನಿಂತು ನೋಡುತ್ತಿದ್ದನು. ಅಂದು ಬೆಳಗ್ಗೆಯಷ್ಟೇ ಅದೇ ತರಗತಿಯಲ್ಲಿ, ಸರ್ವಭೂತಗಳಲ್ಲಿಯೂ ಇರುವ ಆತ್ಮನು ಒಬ್ಬನೇ ಎಂದು ನಾವು ಪಾಠ ಹೇಳಿದ್ದೆವು. ಔಷಧವನ್ನು ಕ್ರಮವಾಗಿ ತೆಗೆದುಕೊಂಡವರಿಂದ ಆ ರೋಗವು ಅಂಟುವುದಿಲ್ಲವೆಂಬುದು ಆ ವೇಳೆಗಾಗಲೇ ಗೊತ್ತಿದ್ದ ಸಂಗತಿ, ನಮಗೂ ಗೊತ್ತಿದ್ದಿತು. ಆದಾಗ್ಯೂ ಕಾಗದವನ್ನು ಮೂಲೆ ಹಿಡಿದು ಎತ್ತಿದೆವು. ಆ ಹುಡುಗನು ಮತ್ತೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಕ್ಷಮೆ ಕೇಳುವ ಸಂದರ್ಭವೂ ಬರಲಿಲ್ಲ. ಬೀದಿಯ ಕಾಗದದ ಚೂರನ್ನು ಆದರದಿಂದ ಎತ್ತಿದ ಫ್ರಾನ್ಸಿಸನ ಕಥೆಯನ್ನು ಓದಿದಾಗಲೆಲ್ಲ ಆ ಕಲ್ಲು, ಆ ಅರ್ಜಿ ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತವೆ.

ಇತ್ತೀಚೆಗೆ ಲೋಕವು ಫ್ರಾನ್ಸಿಸನನ್ನು ಹೊಸದಾಗಿ ನೆನೆಯುತ್ತಿದೆ. ನೆಲ ಜಲ ವಾಯುಗಳು ಕೆಡುತ್ತಿರುವುದಕ್ಕೆ ಪಾಶ್ಚಾತ್ಯ ಕ್ರೈಸ್ತ ಭಾವನೆಯೂ ಕಾರಣವೆಂದು ೧೯೬೭ರಲ್ಲಿ ಲಿನ್ ವೈಟ್ ಎಂಬ ಅಮೆರಿಕದ ಇತಿಹಾಸಕಾರನು ಕಟುವಾಗಿ ಬರೆದನು. ಅದೇ ಲೇಖನದ ಕೊನೆಯಲ್ಲಿ ಪರಿಹಾರದ ದಾರಿ ತೋರಿಸಲು ಆತನಿಗೂ ಫ್ರಾನ್ಸಿಸನೇ ನೆನಪಾದನು. ೧೯೭೯ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಪರಿಸರರಕ್ಷಕರಿಗೆ ಈತನೇ ಪಾಲಕಸಂತನೆಂದು ಸಾರಿದರು. ೨೦೧೩ರಲ್ಲಿ ಪೀಠವನ್ನೇರಿ ೨೦೨೫ರಲ್ಲಿ ತೀರಿಕೊಂಡ ಪೋಪರು ಈತನ ಹೆಸರನ್ನೇ ಇಟ್ಟುಕೊಂಡಿದ್ದರು. ಭೂಮಿಯ ಪಾಲನೆಯನ್ನು ಕುರಿತು ೨೦೧೫ರಲ್ಲಿ ಅವರು ಹೊರಡಿಸಿದ ದೀರ್ಘಪತ್ರದ ಶೀರ್ಷಿಕೆಯು ಸೂರ್ಯಗೀತದಿಂದಲೇ ಬಂದುದು. ಮಂಗಳೂರಿನ ಬಳಿಯ ಫರಂಗಿಪೇಟೆಯಲ್ಲಿ ಈತನ ಪರಂಪರೆಯವರಾದ ಕಪುಚಿನ್ ಸನ್ಯಾಸಿಗಳ ಮಠವಿರುವುದನ್ನು ನಮ್ಮ ನಾಡಿನ ವಾಚಕರು ಬಲ್ಲರು. ಆತನು ತೀರಿಕೊಂಡು ಎಂಟುನೂರು ವರ್ಷಗಳು ತುಂಬುವುದು ೨೦೨೬ರಲ್ಲಿ.

ಗೃಹಸ್ಥರಾದ ನಾವು ಮನೆಮಠಗಳನ್ನು ಬಿಟ್ಟು ಹೊರಡಲಾರೆವು. ಹೊರಡಬೇಕೆಂದು ಹೇಳುವುದೂ ನಮ್ಮ ಉದ್ದೇಶವಲ್ಲ. ಹಿತ್ತಲಿನ ಅಂಚಿನಲ್ಲಿ ಒಂದು ಗೇಣು ನೆಲವನ್ನು ಅಗೆಯದೆ ಬಿಡಬಹುದು. ಕೊಂಬೆ ಕಡಿಸುವಾಗ ಚಿಗುರಿಗೆ ಎಡೆಯಿಡಬಹುದು. ಬಚ್ಚಲಿಗೆ ಹರಿಯುವ ನೀರನ್ನು ತಂಗಿಯೆಂದು ಒಮ್ಮೆ ನೆನೆದರೆ ಕೈ ತಾನಾಗಿಯೇ ನಲ್ಲಿಯ ಕಡೆಗೆ ಹೋದೀತು. ಇವು ಸುಲಭವಾದ ಕೆಲಸಗಳು, ಮಕ್ಕಳಿಗೂ ಕಲಿಸತಕ್ಕವು. ಆದರೆ ಫ್ರಾನ್ಸಿಸನ ಪಾಠವು ಇಷ್ಟಕ್ಕೆ ಮುಗಿಯದು. ನಮ್ಮ ಬಾಗಿಲಿಗೆ ಬಂದವರಲ್ಲಿ ಯಾರನ್ನು ನಾವು ಜಗಲಿಯಿಂದಲೇ ಮಾತನಾಡಿಸಿ ಕಳುಹಿಸುತ್ತಿದ್ದೇವೆಯೋ, ಅವರಿಗಾಗಿ ಮೆಟ್ಟಿಲಿಳಿದಾಗ ಅದು ಆರಂಭವಾಗುತ್ತದೆ. ಆ ದಿನ ಇಳಿಯಬೇಕಾಗಿದ್ದುದು ನಾಲ್ಕೇ ಮೆಟ್ಟಿಲು. ವಾಚಕರ ಮನೆಗಳಲ್ಲಿ ಅವು ನಾಲ್ಕಕ್ಕಿಂತ ಹೆಚ್ಚಾಗದಿರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.